ಅಡಿಕೆ ಅಟ್ಟದಲ್ಲಿ ಮಾಡಿದ ಲೈವ್ ರೆಕಾರ್ಡಿಂಗ್: ಉಚಿತ ಡೌನ್‌ಲೋಡ್‌ಗೆ ಬಿಡಬೇಕೇ, ಬೇಡವೇ?

ತುಂಗಾ ಎಡದಂಡೆ
ಶಿವಮೊಗ್ಗದಲ್ಲಿ ನಮ್ಮದೊಂದು ಸಣ್ಣ ಬ್ಯಾಂಡ್ ಇದೆ. ಗಿಟಾರ್, ಬೇಸ್, ಕಹೋನ್ (ಮೇಲೆ ಕುಳಿತು ಕೈಯಿಂದ ಬಡಿಯುವ ಮರದ ಪೆಟ್ಟಿಗೆ), ಪಿಟೀಲು, ಹಾಡುವವಳೂ ಪಿಟೀಲಿನವಳೇ. ಮಳೆ ಹಿಡಿದ ಮೇಲೆ ಕಾರ್ಯಕ್ರಮಗಳು ನಿಂತುಹೋದವು, ಕೈ ಮಾತ್ರ ಸುಮ್ಮನಿರಲಿಲ್ಲ. ತೀರ್ಥಹಳ್ಳಿಯಿಂದಾಚೆ ಬೇಸ್ ನುಡಿಸುವವನ ಅಜ್ಜನ ಮನೆಯ ಅಡಿಕೆ ಅಟ್ಟದಲ್ಲಿ ಎಲ್ಲರೂ ಎದುರುಬದುರು ಕುಳಿತು ಐದು ಹಾಡುಗಳನ್ನು ನುಡಿಸಿದ ಹಾಗೆಯೇ ರೆಕಾರ್ಡ್ ಮಾಡಿಕೊಂಡೆವು. ಕಿವಿಯಲ್ಲಿ ಲಯ ತೋರಿಸುವ ಕ್ಲಿಕ್ ಇಲ್ಲ, ಆಮೇಲೆ ಮೇಲೆ ಹಚ್ಚಿದ್ದು ಏನೂ ಇಲ್ಲ, ಶ್ರುತಿ ತಿದ್ದುವ ತಂತ್ರಾಂಶವೂ ಇಲ್ಲ. ಮೂರು ನಮ್ಮ ರಚನೆಗಳು, ಒಂದು ಶಿಶುನಾಳ ಶರೀಫರ ತತ್ವಪದ, ಇನ್ನೊಂದು ಎಲ್ಲರೂ ಬಲ್ಲ ಒಂದು ಕುವೆಂಪು ಭಾವಗೀತೆ.

ಈಗ ಬ್ಯಾಂಡಿನೊಳಗೇ ಜಗಳ. ಯಾರು ಬೇಕಾದರೂ ಇಳಿಸಿಕೊಳ್ಳಲಿ, ಉಚಿತವಾಗಿ ಬಿಟ್ಟುಬಿಡೋಣ ಎಂದು ನಾನು. ಬಿಟ್ಟಿ ಕೊಟ್ಟದ್ದನ್ನು ಯಾರೂ ಕೇಳುವುದಿಲ್ಲ, ಸ್ಪಾಟಿಫೈ ಮತ್ತು ಯೂಟ್ಯೂಬ್‌ನಲ್ಲಿ ಹಾಕಿದರೆ ಸಾಕು ಎಂದು ಗಿಟಾರಿನವನು. ಜೊತೆಗೆ ಇನ್ನೊಂದು ತಲೆನೋವು: ಎರಡನೆಯ ಹಾಡಿನ ನಡುವೆ ಮಳೆ ಹೊಯ್ದಿದೆ, ಹೆಂಚಿನ ಮೇಲಿನ ಸದ್ದು ಚೆನ್ನಾಗಿಯೇ ಕೇಳಿಸುತ್ತದೆ. ಇಡಬೇಕೇ, ತೆಗೆಯಬೇಕೇ? ತಿಳಿದವರು ಹೇಳಿ.

ಗೋಪಾಳದ ಗಿಟಾರ್
ಮಳೆ ಇರಲಿ. ಉಳಿದದ್ದು ಆಮೇಲೆ.

ಅಡಿಕೆ ಮಂಡಿ
ನಿಮ್ಮ ಗಿಟಾರಿನವರ ಮಾತೇ ಸರಿ. ತಂತಿಗೆ ದುಡ್ಡು, ಪೆಟ್ರೋಲಿಗೆ ದುಡ್ಡು, ಮೈಕಿಗೆ ದುಡ್ಡು, ಹಾಡು ಮಾತ್ರ ಪುಕ್ಕಟೆ. ಇದು ಯಾವ ಊರಿನ ನ್ಯಾಯ? ಕಾರ್ಯಕ್ರಮಕ್ಕೆ ಕರೆಯುವವರು ಈಗಲೇ 'ನಿಮಗೆ ಒಳ್ಳೆಯ ವೇದಿಕೆ ಸಿಕ್ಕಂತಾಗುತ್ತದೆ' ಎಂದು ಬರಿಗೈಯಲ್ಲಿ ಕಳಿಸುತ್ತಾರೆ. ನೀವೇ ಉಚಿತ ಎಂದು ಬರೆದುಕೊಂಡರೆ ಅವರ ಕೆಲಸ ಇನ್ನೂ ಸಲೀಸು.

ಐವತ್ತು ಹರ್ಟ್ಸ್
ಮಳೆಯನ್ನು ತೆಗೆಯಬೇಕೇ ಎಂದು ಕೇಳಿದ್ದೀರಿ. ತೆಗೆಯಲು ಬರುವುದಿಲ್ಲ ಎಂಬುದು ಮೊದಲ ಉತ್ತರ. ಇನ್ವರ್ಟರಿನ ಗುಂಯ್ ಸದ್ದಾದರೆ 50 ಹರ್ಟ್ಸ್ ಮತ್ತು ಅದರ ಗುಣಕಗಳಲ್ಲಿ ಕೂತಿರುತ್ತದೆ, ಹುಡುಕಿ ಕತ್ತರಿಸಬಹುದು. ಮಳೆ ಹಾಗಲ್ಲ. ಕೆಳಗಿನಿಂದ ಮೇಲಿನವರೆಗೆ ಎಲ್ಲ ಕಂಪನಾಂಕಗಳಲ್ಲೂ ಹರಡಿಕೊಂಡಿರುತ್ತದೆ. ಅದನ್ನು ಒರೆಸಲು ಹೋದರೆ ಪಿಟೀಲಿನ ಕಮಾನಿನ ಉಸಿರು, ಹಾಡುವಾಗಿನ 'ಸ', 'ಶ' ಎಲ್ಲವೂ ಅದರ ಜೊತೆಗೇ ಹೋಗುತ್ತವೆ. ಸದ್ದು ಅಳಿಸುವ ತಂತ್ರಾಂಶಗಳನ್ನು ಸ್ವಲ್ಪ ಹೆಚ್ಚು ಒತ್ತಿದರೆ ದನಿ ನೀರಿನೊಳಗಿಂದ ಬಂದಂತಾಗುತ್ತದೆ. ಮಳೆ ಹೋಗಿ ಕೆರೆ ಬಂತು ಎಂದಾಗುತ್ತದೆ, ಅಷ್ಟೇ.

ಜೀರುಂಡೆ ಇದ್ದರೆ ಬೇರೆ ಮಾತು. ಅದರ ಸದ್ದು ಕೆಲವು ಸಾವಿರ ಹರ್ಟ್ಸ್‌ನ ಒಂದು ಕಿರಿದಾದ ಪಟ್ಟಿಯಲ್ಲಿರುತ್ತದೆ. ಆದರೆ ಮಾತಿನ ಸ್ಪಷ್ಟತೆಯೂ ಸುಮಾರಾಗಿ ಅಲ್ಲೇ ಇರುತ್ತದೆ. ಎಷ್ಟು ಮೈಕ್ ಬಳಸಿದಿರಿ? ಎಲ್ಲಿಟ್ಟಿರಿ?

ತುಂಗಾ ಎಡದಂಡೆ
ನಡುವೆ ಒಂದು ಕಂಡೆನ್ಸರ್ ಮೈಕ್, ಹಾಡುವವಳ ಮುಂದೆ ಒಂದು, ಕಹೋನಿಗೆ ಒಂದು. ಬೇಸ್ ನೇರವಾಗಿ ರೆಕಾರ್ಡರಿಗೆ. ಕರೆಂಟ್ ಹೋಗಿ ಬಂದು ಮಾಡುತ್ತಿತ್ತು, ಹಾಗಾಗಿ ಎಲ್ಲವನ್ನೂ ಬ್ಯಾಟರಿಯಲ್ಲೇ ಓಡಿಸಿದೆವು.

ಐವತ್ತು ಹರ್ಟ್ಸ್
ಬ್ಯಾಟರಿಯಲ್ಲಿ ಓಡಿಸಿದ್ದೇ ಒಳ್ಳೆಯದಾಯಿತು. ಮೈಕುಗಳ ಅಂತರ ಮಾತ್ರ ಗಮನಿಸಿ. ಮೈಕಿನಿಂದ ವಾದ್ಯಕ್ಕೆ ಒಂದು ಅಡಿ ಇದ್ದರೆ ಮೈಕಿನಿಂದ ಪಕ್ಕದ ಮೈಕಿಗೆ ಕನಿಷ್ಠ ಮೂರು ಅಡಿ ಇರಬೇಕು. ಇಲ್ಲವಾದರೆ ಒಂದೇ ಸದ್ದು ಎರಡು ಮೈಕುಗಳಿಗೆ ಹಿಂದೆಮುಂದೆ ತಲುಪಿ, ಕೂಡಿಸಿದಾಗ ಟೊಳ್ಳಾಗಿ ಕೇಳಿಸುತ್ತದೆ. ಇನ್ನೊಂದು, ಸಾಮಾನ್ಯ ಕಾರ್ಡಿಯಾಯ್ಡ್ ಮೈಕಿಗೆ ಬೆನ್ನ ಹಿಂದಿನದು ಕೇಳಿಸುವುದು ತೀರ ಕಡಿಮೆ. ಕಹೋನಿನವನನ್ನು ಹಾಡುವವಳ ಮೈಕಿನ ಬೆನ್ನಿಗೆ ಕೂರಿಸಿದ್ದರೆ ಅರ್ಧ ಮಿಕ್ಸಿಂಗ್ ಅಲ್ಲೇ ಮುಗಿಯುತ್ತಿತ್ತು.

ಕಂಜಿರ ಪ್ರಿಯ
ಇದನ್ನೆಲ್ಲ ಶುರುಮಾಡಿದ್ದು ಎಂಟಿವಿಯವರು. 1989ರಲ್ಲಿ ಆ ಚಾನೆಲ್ಲಿನ ಅನ್‌ಪ್ಲಗ್ಡ್ ಕಾರ್ಯಕ್ರಮ ಬಂದ ಮೇಲೆ ಎಲ್ಲರಿಗೂ ಸ್ಟೂಲಿನ ಮೇಲೆ ಕುಳಿತು ನುಡಿಸುವ ಹುಚ್ಚು ಹಿಡಿಯಿತು.

ಬಿ ಹೈ ಕಲಾವಿದ
ಎಂಟಿವಿ ತೀರ ಈಚಿನದು. ಬಿಬಿಸಿ ರೇಡಿಯೋ 1ರಲ್ಲಿ ಜಾನ್ ಪೀಲ್ ಎಂಬ ನಿರೂಪಕ 1967ರಿಂದಲೇ ಬ್ಯಾಂಡುಗಳನ್ನು ಕರೆಸುತ್ತಿದ್ದರು. ಬೆಳಿಗ್ಗೆ ಸಾಮಾನು ಇಳಿಸಿ, ಸಾಮಾನ್ಯವಾಗಿ ನಾಲ್ಕು ಹಾಡುಗಳನ್ನು ಒಂದೇ ದಿನದಲ್ಲಿ ನುಡಿಸಿ, ಮಿಕ್ಸ್ ಮುಗಿಸಿ ಹೊರಡುವುದು, ಇದಕ್ಕೆ ಸೆಷನ್ ಎನ್ನುತ್ತಿದ್ದರು. 2004ರಲ್ಲಿ ಅವರು ತೀರಿಕೊಳ್ಳುವವರೆಗೂ ನಡೆಯಿತು. ಇದು ಬರೀ ಕಲಾಪ್ರೇಮದಿಂದ ಹುಟ್ಟಿದ್ದೂ ಅಲ್ಲ. ಆಗ ಬಿಬಿಸಿ ದಿನಕ್ಕೆ ಇಷ್ಟೇ ಗಂಟೆ ಧ್ವನಿಮುದ್ರಿಕೆ ಹಾಕಬೇಕು ಎಂಬ ಒಪ್ಪಂದ ಇತ್ತು. ಸಂಗೀತಗಾರರ ಸಂಘ ಮತ್ತು ರೆಕಾರ್ಡ್ ಕಂಪನಿಗಳ ಹಟ ಅದು. ಉಳಿದ ಹೊತ್ತನ್ನು ಜೀವಂತ ಸಂಗೀತದಿಂದಲೇ ತುಂಬಬೇಕಿತ್ತು.

ನಮ್ಮ ಆಕಾಶವಾಣಿಯ ಕತೆಯೂ ದೂರದ್ದಲ್ಲ. 1952ರಲ್ಲಿ ಕೇಂದ್ರ ಸಚಿವ ಕೇಸ್ಕರ್ ಸಿನಿಮಾ ಹಾಡನ್ನು ಹೊರಗಿಟ್ಟರು. ಆ ಜಾಗ ತುಂಬಲು ನಿಲಯಗಳು ತಾವೇ ಹಾಡು ಕಟ್ಟಿಸಬೇಕಾಯಿತು, ಸುಗಮ ಸಂಗೀತಕ್ಕೆ ಅಲ್ಲಿಂದ ಬಲ ಬಂತು. ಭದ್ರಾವತಿ ನಿಲಯದಲ್ಲಿ ಹಾಡಿದವರಿಗೆ ಗೊತ್ತು: ಕೆಂಪು ದೀಪ ಹತ್ತಿದ ಮೇಲೆ ಕೆಮ್ಮುವಂತಿಲ್ಲ, ತಬಲಾದವರು ಸುತ್ತಿಗೆಯನ್ನು ಸದ್ದಾಗದಂತೆ ಕಂಬಳಿಯ ಮೇಲೆ ಇಡುತ್ತಿದ್ದರು, ತಂಬೂರಿ ಎತ್ತಿದರೆ ಹಾಡು ಮುಗಿಯುವವರೆಗೆ ಒಂದೇ ಓಟ. ಅದಕ್ಕೆ ಯಾರೂ ಸೆಷನ್ ಎನ್ನಲಿಲ್ಲ, ರೆಕಾರ್ಡಿಂಗ್ ಇದೆ ಎನ್ನುತ್ತಿದ್ದೆವು.

ಕಂಜಿರ ಪ್ರಿಯ
ಸರಿ ಸಾರ್, ಎಂಟಿವಿ ವಾಪಸ್ ತೆಗೆದುಕೊಂಡೆ.

ಹೊಸನಗರದವಳು
ಸ್ಟ್ರೀಮಿಂಗ್ ಸಾಕು ಎನ್ನುವವರೆಲ್ಲ ಯಾವ ಊರಿನಲ್ಲಿದ್ದೀರಿ? ನಮ್ಮಲ್ಲಿ ಫೋನಿಗೆ ಸಿಗ್ನಲ್ ಬೇಕೆಂದರೆ ಗುಡ್ಡದ ತಿರುವಿನವರೆಗೆ ನಡೆಯಬೇಕು. ಗಾಳಿಮಳೆಗೆ ಕರೆಂಟ್ ಹೋದರೆ ಟವರಿನ ಬ್ಯಾಟರಿ ಮುಗಿಯುವವರೆಗೆ ಅದೂ ಸಿಗುತ್ತದೆ, ಆಮೇಲೆ ಅದೂ ಇಲ್ಲ. ಹಾಡು ನಡುವೆ ನಿಂತು ತಿರುಗುವ ಚಕ್ರವನ್ನು ನೋಡುತ್ತಾ ಕೂರುವುದಕ್ಕಿಂತ, ಪೇಟೆಗೆ ಹೋದಾಗ ಇಳಿಸಿಕೊಂಡು ತಂದು ಮನೆಯಲ್ಲಿ ನೆಮ್ಮದಿಯಾಗಿ ಕೇಳುತ್ತೇವೆ. ನಮ್ಮ ತಂದೆಯ ಜೀಪಿನಲ್ಲಿರುವ ಪೆನ್‌ಡ್ರೈವ್ ಒಂದು ಓಣಿಗೇ ಸಾಕಾಗುವಷ್ಟು ಹಾಡು ಹಂಚಿದೆ.

ಮಲೆನಾಡಿನಲ್ಲಿ ಹಾಡು ಕೇಳಿಸಬೇಕಾದರೆ ಫೈಲ್ ಕೊಡಿ. ದುಡ್ಡಿನ ಮಾತು ಬೇರೆ, ಫೈಲಿನ ಮಾತು ಬೇರೆ. ನೀವೆಲ್ಲ ಎರಡನ್ನೂ ಕಲಸುತ್ತಿದ್ದೀರಿ.

ಗೋಪಾಳದ ಗಿಟಾರ್
ಇದು ಸರಿಯಾದ ಮಾತು. ನಾಲ್ಕು ನಿಮಿಷದ ಹಾಡು 320 ಕೆಬಿಪಿಎಸ್ ಎಂಪಿ3ಯಲ್ಲಿ ಹತ್ತು ಎಂಬಿ ಒಳಗೆ ಬರುತ್ತದೆ. ಐದು ಹಾಡು ಸೇರಿದರೂ ಐವತ್ತು ಎಂಬಿ ಆಗುವುದಿಲ್ಲ.

ಐವತ್ತು ಹರ್ಟ್ಸ್
ವಾಟ್ಸ್‌ಆಪ್‌ನಲ್ಲಿ ಹಂಚುವುದಾದರೆ ಡಾಕ್ಯುಮೆಂಟ್ ಎಂದು ಕಳಿಸಿ. ವಿಡಿಯೋ ಮಾಡಿ ಕಳಿಸಿದರೆ ಅದು ಹಿಂಡಿ ಸಿಪ್ಪೆ ಮಾಡುತ್ತದೆ.

ಬೆಂಗಳೂರಿನಿಂದ
ಅಮೆರಿಕದಲ್ಲಿ ಡೇಟ್ರಾಟರ್ ಎಂಬ ಜಾಲತಾಣದವರು ಇದನ್ನೇ ಮಾಡಿದರು. 2006ರಲ್ಲಿ ಇಲಿನಾಯ್ಸ್ ರಾಜ್ಯದ ರಾಕ್ ಐಲೆಂಡ್ ಎಂಬ ಸಣ್ಣ ಊರಿನಲ್ಲಿ ಶುರುವಾಯಿತು. ಷಿಕಾಗೋದಲ್ಲಿ ಕಾರ್ಯಕ್ರಮ ಮುಗಿಸಿ ಪಶ್ಚಿಮದ ಊರುಗಳಿಗೆ ಹೊರಟ ಬ್ಯಾಂಡುಗಳಿಗೆ ಅದು ದಾರಿಯಲ್ಲೇ ಸಿಗುತ್ತದೆ. ವ್ಯಾನ್ ನಿಲ್ಲಿಸಿ, ಅಲ್ಲಿರುವ ವಾದ್ಯಗಳನ್ನೇ ಎತ್ತಿಕೊಂಡು, ಟೇಪಿನ ಮೇಲೆ ನಾಲ್ಕು ಹಾಡು ನುಡಿಸಿ, ಎರಡು ಗಂಟೆಯೊಳಗೆ ಮತ್ತೆ ರಸ್ತೆಗೆ. ಮೇಲಿಂದ ತೇಪೆ ಹಾಕುತ್ತಿರಲಿಲ್ಲ. ಪ್ರತಿ ಸೆಷನ್ನಿಗೂ ಫೋಟೋ ಬದಲು ಕೈಯಿಂದ ಬರೆದ ಚಿತ್ರ. ಆಗ ಎಲ್ಲವೂ ಉಚಿತ ಎಂಪಿ3. ಎಷ್ಟೋ ಬ್ಯಾಂಡುಗಳ ಹೆಸರು ನಾನು ಮೊದಲು ಕೇಳಿದ್ದೇ ಅಲ್ಲಿ.

ನಕ್ಷೆ ನೋಡಿ. ಬೆಂಗಳೂರಿನಿಂದ ಗೋಕರ್ಣ, ಗೋವಾಕ್ಕೆ ನುಡಿಸಲು ಹೋಗುವ ಬ್ಯಾಂಡು ತುಮಕೂರು–ಹೊನ್ನಾವರ ಹೆದ್ದಾರಿ ಹಿಡಿದರೆ ಶಿವಮೊಗ್ಗ, ಸಾಗರ ದಾಟಿಯೇ ಹೋಗಬೇಕು. ನಿಮ್ಮ ಅಟ್ಟಕ್ಕೆ ಅವರನ್ನೂ ಹತ್ತಿಸಿ.

ಅಡಿಕೆ ಮಂಡಿ
ಆ ಡೇಟ್ರಾಟರಿನವರು ಆಮೇಲೆ ಏನು ಮಾಡಿದರು ಎಂಬುದನ್ನೂ ಹೇಳಿ. ಚಂದಾ ಇಟ್ಟರು. ಉಚಿತದಲ್ಲಿ ಬಾಡಿಗೆ ಕಟ್ಟಲಾಗುವುದಿಲ್ಲ ಎಂದು ಅವರಿಗೂ ತಿಳಿಯಿತು.

ಬೆಂಗಳೂರಿನಿಂದ
ಹೌದು, ಕೆಲವು ವರ್ಷಗಳ ನಂತರ ಚಂದಾ ಇಟ್ಟರು. ಅಷ್ಟರಲ್ಲಿ ಚಂದಾ ಕೊಡುವ ಜನ ಹುಟ್ಟಿದ್ದರು. ಮೊದಲ ದಿನವೇ ಇಟ್ಟಿದ್ದರೆ ಯಾರು ಕೊಡುತ್ತಿದ್ದರು?

ನೆಹರೂ ರಸ್ತೆ
ರೇಡಿಯೋಹೆಡ್ ಎಂಬ ಬ್ರಿಟಿಷ್ ಬ್ಯಾಂಡ್ 2007ರಲ್ಲಿ ಇಡೀ ಆಲ್ಬಮ್ಮನ್ನು 'ನಿಮಗೆ ತೋಚಿದಷ್ಟು ಕೊಡಿ' ಎಂದು ಬಿಟ್ಟಿತ್ತು. ಹಾಗೆ ಮಾಡಿ.

ಅಡಿಕೆ ಮಂಡಿ
ಅವರಿಗೆ ಅಷ್ಟರೊಳಗೆ ಲೋಕವೆಲ್ಲ ಕೇಳುಗರಿದ್ದರು. ಇವರಿಗೆ ಬೇಸಿನವನ ಅಜ್ಜ ಇದ್ದಾರೆ.

ತುಂಗಾ ಎಡದಂಡೆ
ಅಜ್ಜನಿಗೆ ಕಿವಿ ಸ್ವಲ್ಪ ಮಂದ. ಆದರೂ ಎರಡು ಬಾರಿ ಕೇಳಿದರು.

ಕಪ್ಪು ಕೋಟು
ಎಲ್ಲರೂ ದುಡ್ಡಿನ ಬಗ್ಗೆ ಮಾತನಾಡುತ್ತಿದ್ದೀರಿ, ಆ ಭಾವಗೀತೆಯ ಬಗ್ಗೆ ಒಬ್ಬರೂ ಕೇಳಲಿಲ್ಲ. ನಮ್ಮ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕವಿಯ ಕಾಲಾನಂತರ 60 ವರ್ಷ ಹಕ್ಕು ಉಳಿಯುತ್ತದೆ, ಅದನ್ನು ನಿಧನದ ಮರುವರ್ಷದಿಂದ ಎಣಿಸುತ್ತಾರೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ. ಅಂದರೆ 2054ರ ಕೊನೆಯವರೆಗೆ ಅವರ ಸಾಲುಗಳಿಗೆ ಹಕ್ಕುದಾರರಿದ್ದಾರೆ. ನೀವು ಉಚಿತವಾಗಿ ಕೊಡುತ್ತೀರಿ ಎಂಬ ಕಾರಣಕ್ಕೆ ಆ ಹಕ್ಕು ಮಾಯವಾಗುವುದಿಲ್ಲ. ನಿಮ್ಮದಲ್ಲದ್ದನ್ನು ನೀವು ಧಾರಾಳವಾಗಿ ದಾನ ಮಾಡುತ್ತಿದ್ದೀರಿ.

ಹಿಂದೆ ಧ್ವನಿಮುದ್ರಿತವಾದ ಹಾಡನ್ನು ಮತ್ತೆ ಹಾಡಿ ಬಿಡಲು ಸೆಕ್ಷನ್ 31ಸಿ ಎಂಬ ದಾರಿ ಇದೆ. ಮೊದಲ ಮುದ್ರಣವಾದ ವರ್ಷ ಮುಗಿದು ಐದು ವರ್ಷ ಕಳೆದಿರಬೇಕು, ಮುಂಚಿತವಾಗಿ ನೋಟಿಸ್ ಕೊಡಬೇಕು, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಧನ ಮುಂಗಡ ಕಟ್ಟಬೇಕು. ಅಟ್ಟದ ಬ್ಯಾಂಡಿಗೆ ಇದು ಆಗುವ ಮಾತಲ್ಲ. ಹಕ್ಕುದಾರರಿಗೆ ಒಂದು ಪತ್ರ ಬರೆದು ಒಪ್ಪಿಗೆ ಕೇಳುವುದೇ ಸುಲಭ.

ಕಂಜಿರ ಪ್ರಿಯ
ಶರೀಫರದಕ್ಕೆ ಈ ರಗಳೆ ಇಲ್ಲವಲ್ಲ? ಅವರು 1889ರಲ್ಲೇ ಹೋದರು.

ಕಪ್ಪು ಕೋಟು
ಪದಕ್ಕೆ ಇಲ್ಲ, ಧಾಟಿಗೆ ಇರಬಹುದು. ನಮಗೆಲ್ಲ ಬಾಯಿಗೆ ಬರುವ ಶರೀಫರ ಪದಗಳ ಧಾಟಿಗಳಲ್ಲಿ ಅನೇಕವನ್ನು ಕೂಡಿಸಿದವರು ಸಿ. ಅಶ್ವತ್ಥ್. ಅವರು ನಮ್ಮನ್ನಗಲಿದ್ದು 2009ರಲ್ಲಿ. ಸ್ವರ ಸಂಯೋಜನೆಗೂ ಅದೇ 60 ವರ್ಷ, ಲೆಕ್ಕ ನೀವೇ ಹಾಕಿಕೊಳ್ಳಿ.

ತುಂಗಾ ಎಡದಂಡೆ
ತತ್ವಪದದ ಧಾಟಿ ನಮ್ಮದೇ. ಹಾಡುವವಳು ಅದನ್ನು ಬೇರೆ ರಾಗದಲ್ಲಿ ಕೂರಿಸಿದ್ದಾಳೆ, ಕೇಳಿದರೆ ಹಿರಿಯರು ಬೈಯಬಹುದು. ಭಾವಗೀತೆಯದು ಮಾತ್ರ ಎಲ್ಲರಿಗೂ ಗೊತ್ತಿರುವ ಧಾಟಿ. ಅದನ್ನು ಸದ್ಯಕ್ಕೆ ಪಕ್ಕಕ್ಕಿಡುತ್ತೇವೆ, ಪತ್ರ ಬರೆಯುತ್ತೇವೆ. ಉಳಿದದ್ದು ನಾಲ್ಕು.

ಬಿ ಹೈ ಕಲಾವಿದ
ಬೈಯುವ ಹಿರಿಯ ಇಲ್ಲೇ ಇದ್ದೇನೆ, ಮೊದಲು ಕೇಳಿಸಿ.

ಹೆಗ್ಗೋಡು ಪ್ರೇಕ್ಷಕ
ನಿಮ್ಮೆಲ್ಲರ ಮಾತಿನಲ್ಲಿ ಒಂದು ಧ್ವನಿ ಇದೆ: ಡ್ರಮ್ಸ್ ಇಲ್ಲ, ಆಂಪ್ಲಿಫೈಯರ್ ಇಲ್ಲ, ಹಾಗಾಗಿ ಇದು ಕಡಿಮೆ ಖರ್ಚಿನ, ಕಿರಿಯ ದರ್ಜೆಯ ರೂಪ ಎಂಬಂತೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದಲ್ಲಿ ನಮ್ಮ ಕಡೆ ಏನು ನಡೆಯುತ್ತದೆ? ತಾಳಮದ್ದಳೆ. ವೇಷ ಇಲ್ಲ, ಕುಣಿತ ಇಲ್ಲ, ರಂಗವಿಲ್ಲ. ಭಾಗವತರು, ಮದ್ದಳೆ, ಪಂಚೆ ಉಟ್ಟು ಕುಳಿತ ಅರ್ಥಧಾರಿಗಳು. ಅದನ್ನು ಯಕ್ಷಗಾನದ ಬಡ ತಮ್ಮ ಎಂದು ಯಾರಾದರೂ ಕರೆದರೆ ಅಲ್ಲಿಂದ ಎದ್ದು ಹೋಗಲು ಬಿಡುವುದಿಲ್ಲ. ಕಿರೀಟ ಇದ್ದಾಗ ಅರ್ಧ ಪಾತ್ರವನ್ನು ಕಿರೀಟವೇ ನೋಡಿಕೊಳ್ಳುತ್ತದೆ. ಅದಿಲ್ಲದಾಗ ಮಾತು ತಡವರಿಸಿದರೆ ಮುಚ್ಚಿಕೊಳ್ಳಲು ಎಲ್ಲೂ ಜಾಗವಿಲ್ಲ.

ಬ್ಯಾಂಡಿಗೂ ಇದೇ ಪರೀಕ್ಷೆ. ಎದುರುಬದುರು ಕುಳಿತು ನುಡಿಸಿದಾಗ ಹಾಡಿನ ಕಟ್ಟಡ ಗಟ್ಟಿ ಇದೆಯೋ ಇಲ್ಲವೋ ಬಯಲಾಗುತ್ತದೆ. ಎಷ್ಟೋ ಹಾಡುಗಳು ಗದ್ದಲ ತೆಗೆದ ಕೂಡಲೇ ಎರಡು ಸಾಲಿನ ಸರಕು ಎಂದು ತಿಳಿದುಹೋಗುತ್ತವೆ.

ಕಂಜಿರ ಪ್ರಿಯ
ಒಪ್ಪುವುದಿಲ್ಲ. ತಾಳಮದ್ದಳೆಯಲ್ಲಿ ವೇಷ ತೆಗೆದ ಜಾಗಕ್ಕೆ ಮಾತು ಬಂತು. ಆಟದಲ್ಲಿ ಹತ್ತು ನಿಮಿಷದ ಸಂವಾದ ಅಲ್ಲಿ ಒಂದು ಗಂಟೆಯ ವಾದವಾಗುತ್ತದೆ. ಇವರು ಡ್ರಮ್ಸ್ ತೆಗೆದು ಏನು ತಂದರು? ಬಹಳಷ್ಟು ಅಕೌಸ್ಟಿಕ್ ಸೆಷನ್‌ಗಳಲ್ಲಿ ಅದೇ ಹಾಡು, ಸ್ವಲ್ಪ ನಿಧಾನ, ಸ್ವಲ್ಪ ಪಿಸುಮಾತು, ಕಣ್ಣು ಮುಚ್ಚಿಕೊಂಡು. ಇಷ್ಟೇ.

ಹೆಗ್ಗೋಡು ಪ್ರೇಕ್ಷಕ
ಕಣ್ಣು ಮುಚ್ಚುವ ವಿಷಯದಲ್ಲಿ ನಿಮ್ಮ ಜೊತೆಗಿದ್ದೇನೆ.

ತುಂಗಾ ಎಡದಂಡೆ
ಕಂಜಿರದವರ ಪ್ರಶ್ನೆಗೆ ನಮ್ಮಲ್ಲೊಂದು ಉತ್ತರ ಇದೆ. ಮೂರನೆಯ ಹಾಡಿನಲ್ಲಿ ವೇದಿಕೆಯ ಮೇಲೆ ಗಿಟಾರ್ ನುಡಿಸುವ ಒಂದು ತುಂಡು ಬರುತ್ತದೆ, ಸದ್ದನ್ನು ಒರಟಾಗಿಸುವ ಡಿಸ್ಟಾರ್ಷನ್ ಪೆಡಲ್ ಹಾಕಿ ಕಿರುಚಿಸುತ್ತಾನೆ. ಅಟ್ಟದಲ್ಲಿ ಆ ಪೆಡಲ್ ಇರಲಿಲ್ಲ. ಅವನು ನುಡಿಸದೆ ಬಿಟ್ಟ, ಆ ಖಾಲಿ ಜಾಗದಲ್ಲಿ ಬೇಸ್ ಒಂದೇ ಓಡಿತು, ಹಾಡುವವಳು ಅದರ ಮೇಲೆ ಪದವಿಲ್ಲದೆ ಬರೀ 'ಆ'ಕಾರದಲ್ಲಿ ಆಲಾಪ ಮಾಡಿದಳು. ಯಾರೂ ಮೊದಲೇ ಮಾತಾಡಿಕೊಂಡಿರಲಿಲ್ಲ. ಈಗ ವೇದಿಕೆಯ ಮೇಲೂ ಹಾಗೆಯೇ ನುಡಿಸೋಣ ಎಂದರೆ ಗಿಟಾರಿನವನಿಗೆ ಸಿಟ್ಟು.

ಗೋಪಾಳದ ಗಿಟಾರ್
ಸಿಟ್ಟು ಬರದೆ ಇನ್ನೇನು? ಅವನ ಸೋಲೋ ಹೋಯಿತು. ಉಚಿತ ಬೇಡ ಎಂದು ಅವನು ಹೇಳುವುದಕ್ಕೂ ಇದೇ ಕಾರಣ ಇರಬೇಕು.

ನೆಹರೂ ರಸ್ತೆ
ಅಮೆರಿಕದ ಎನ್‌ಪಿಆರ್ ರೇಡಿಯೋದವರ ಟೈನಿ ಡೆಸ್ಕ್ ಎಂಬ ಕಚೇರಿ ಮೇಜಿನ ಸಂಗೀತ ಸರಣಿ ಹುಟ್ಟಿದ್ದೂ ಕೇಳಿಸಲಿಲ್ಲ ಎಂಬ ಕಾರಣಕ್ಕೇ. 2008ರಲ್ಲಿ ಟೆಕ್ಸಸ್‌ನ ಒಂದು ಸಂಗೀತೋತ್ಸವದಲ್ಲಿ ಗಾಯಕಿ ಲಾರಾ ಗಿಬ್ಸನ್ ಹಾಡುತ್ತಿದ್ದಾಗ ಬಾರಿನ ಗದ್ದಲದಲ್ಲಿ ಏನೂ ಕೇಳಿಸಲಿಲ್ಲ. ಆ ರೇಡಿಯೋದ ನಿರೂಪಕ ಬಾಬ್ ಬಾಯ್ಲನ್ ತಮ್ಮ ಕಚೇರಿಯ ಮೇಜಿನ ಬಳಿಗೇ ಕರೆಸಿ ಹಾಡಿಸಿದರು. ನಮ್ಮಲ್ಲಿ ಮದುವೆ ಮನೆಯ ಆರ್ಕೆಸ್ಟ್ರಾ ಕೇಳಿದವರೆಲ್ಲ ಒಂದೊಂದು ಟೈನಿ ಡೆಸ್ಕ್ ಶುರುಮಾಡಬೇಕಿತ್ತು.

ಅಡಿಕೆ ಮಂಡಿ
ಅದೆಲ್ಲ ಇರಲಿ. ಆ ಅಟ್ಟದಲ್ಲಿ ಅಡಿಕೆ ಇತ್ತೋ ಖಾಲಿ ಇತ್ತೋ?

ತುಂಗಾ ಎಡದಂಡೆ
ಖಾಲಿ. ಮೂಲೆಯಲ್ಲಿ ಮಡಿಸಿಟ್ಟ ಗೋಣಿಚೀಲಗಳು ಮಾತ್ರ. ಯಾಕೆ?

ಐವತ್ತು ಹರ್ಟ್ಸ್
ಅವರು ತಮಾಷೆಗೆ ಕೇಳಿದರೂ ಪ್ರಶ್ನೆ ಸರಿಯಾಗಿದೆ. ಖಾಲಿ ಅಟ್ಟ, ಹಲಗೆಯ ನೆಲ, ಮರದ ಜಂತಿ: ಸದ್ದು ತಿರುಗಿ ಬರುತ್ತದೆ, ಪಿಟೀಲಿಗೆ ಮೈ ತುಂಬಿಕೊಳ್ಳುತ್ತದೆ, ಕಹೋನಿಗೆ ಮಾತ್ರ ಗಡಿಬಿಡಿ. ಕೊಯ್ಲು ಮುಗಿದು ಚೀಲಗಳು ಗೋಡೆಗೆ ಸಾಲಾಗಿ ಏರಿದ ಮೇಲೆ ಅದೇ ಕೋಣೆ ಸ್ಟುಡಿಯೋ ಆಗಿಬಿಡುತ್ತದೆ. ಒರಟು ಗೋಣಿ, ಒಳಗೆ ಉರುಟು ಕಾಯಿ, ನಡುವೆ ಗಾಳಿ. ಸದ್ದನ್ನು ಕುಡಿಯಲು, ಚದುರಿಸಲು ಇದಕ್ಕಿಂತ ಅಗ್ಗದ ವ್ಯವಸ್ಥೆ ಇಲ್ಲ.

ಅಡಿಕೆ ಮಂಡಿ
ಅಗ್ಗವೇ? ಒಂದು ಕ್ವಿಂಟಲಿನ ಬೆಲೆ ಗೊತ್ತಿದೆಯೇ ಸ್ವಾಮಿ? ಜಗತ್ತಿನ ಅತಿ ದುಬಾರಿ ಸ್ಟುಡಿಯೋ ಗೋಡೆ ಅದು. ದರ ಇನ್ನೂ ಏರಲಿ ಎಂದು ಕಾಯುತ್ತಾ ಕುಳಿತವರ ಮನೆಯಲ್ಲಿ ಮಳೆಗಾಲದಲ್ಲೂ ಚೀಲ ಇರುತ್ತವೆ, ಅಂಥವರನ್ನು ಹಿಡಿಯಿರಿ.

ಹೊಸನಗರದವಳು
ಈ ಸಲದ ಕೊಳೆರೋಗ ನೋಡಿದರೆ ಗೋಡೆಗೆ ಏರಿಸಲು ಚೀಲ ಸಿಗುವುದೇ ಅನುಮಾನ. ಎರಡನೆಯ ಸಲ ಔಷಧಿ ಹೊಡೆಯಲು ಮಳೆ ಬಿಡುವೇ ಕೊಡಲಿಲ್ಲ.

ಅಡಿಕೆ ಮಂಡಿ
ನಮ್ಮಲ್ಲೂ ಅದೇ. ಬೋರ್ಡೋ ದ್ರಾವಣ ಹೊಡೆದ ಸಂಜೆಯೇ ತೊಳೆದುಹೋಯಿತು.

ಗೋಪಾಳದ ಗಿಟಾರ್
ತೋಟದ ಮಾತು ಬೇರೆ ಕಡೆ ಆಡಿಕೊಳ್ಳಿ ದಯವಿಟ್ಟು. ಉಚಿತವೋ ಅಲ್ಲವೋ?

ಬೆಂಗಳೂರಿನಿಂದ
ಕಲಾವಿದರೇ ಹಾಡು ಮಾರುವ ಬ್ಯಾಂಡ್‌ಕ್ಯಾಂಪ್ ಜಾಲತಾಣದಲ್ಲಿ ಹಾಕಿ. ಕನಿಷ್ಠ ಬೆಲೆ ಸೊನ್ನೆ ಎಂದಿಟ್ಟರೆ ಕೊಡುವವರು ಕೊಡುತ್ತಾರೆ, ಇಲ್ಲದವರು ಹಾಗೇ ಇಳಿಸಿಕೊಳ್ಳುತ್ತಾರೆ. ಇಳಿಸಿಕೊಂಡವರ ಇಮೇಲ್ ಸಿಗುವಂತೆಯೂ ಮಾಡಬಹುದು, ಮುಂದಿನ ಕಾರ್ಯಕ್ರಮಕ್ಕೆ ಕರೆಯಲು ಅದು ದುಡ್ಡಿಗಿಂತ ಮೇಲು.

ನೆಹರೂ ರಸ್ತೆ
ಹೇಳಲು ಚೆನ್ನ. ಅಲ್ಲಿ ಕಲಾವಿದರಿಗೆ ದುಡ್ಡು ತಲುಪುವುದು ಪೇಪ್ಯಾಲ್ ಮೂಲಕ. ಪೇಪ್ಯಾಲ್ ಭಾರತದೊಳಗಿನ ಪಾವತಿಯನ್ನು 2021ರ ಏಪ್ರಿಲ್ 1ರಿಂದ ನಿಲ್ಲಿಸಿದೆ. ಜರ್ಮನಿಯವನು ಕೊಡಬಹುದು, ಭದ್ರಾವತಿಯವನಿಗೆ ತೊಡಕು. ಊರಿನವರಿಗೆ ಯುಪಿಐ ಒಂದೇ ದಾರಿ.

ಬೆಂಗಳೂರಿನಿಂದ
ಹಾಗಾದರೆ ಇಂಟರ್ನೆಟ್ ಆರ್ಕೈವ್. ಸಾವಿರಾರು ಬ್ಯಾಂಡುಗಳ ಲೈವ್ ರೆಕಾರ್ಡಿಂಗುಗಳು ಅಲ್ಲಿವೆ. ಇಳಿಸಿಕೊಳ್ಳುವವರಿಗೆ ಖರ್ಚಿಲ್ಲ, ಇಡುವವರಿಗೂ ಇಲ್ಲ. ಹಾಕುವಾಗ ನಮ್ಮ ಷರತ್ತಿನ ಮೇಲೆ ಯಾರು ಬೇಕಾದರೂ ಹಂಚಲು ಬಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಆರಿಸಿಕೊಳ್ಳಿ.

ಕಪ್ಪು ಕೋಟು
ಅದರಲ್ಲೂ 'ವಾಣಿಜ್ಯ ಬಳಕೆ ಬೇಡ' ಎಂಬ ಷರತ್ತಿರುವುದನ್ನೇ ಆರಿಸಿ. ಇಲ್ಲವಾದರೆ ನಾಳೆ ಯಾವುದೋ ಬಡಾವಣೆಯ ಜಾಹೀರಾತಿನ ಹಿಂದೆ ನಿಮ್ಮ ಹಾಡು ಕೇಳಿಸಿದರೆ ನನ್ನ ಹತ್ತಿರ ಬರಬೇಡಿ. ಒಮ್ಮೆ ಆ ಪರವಾನಗಿಯಲ್ಲಿ ಬಿಟ್ಟ ಪ್ರತಿಯ ಮೇಲೆ ಕೊಟ್ಟ ಅನುಮತಿಯನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲ ಎಂಬುದನ್ನೂ ಗಿಟಾರಿನವರಿಗೆ ಮೊದಲೇ ಹೇಳಿ.

ಹೊಸನಗರದವಳು
ಉಚಿತ ಎಂದರೆ ಅವಮಾನ ಎಂಬಂತೆ ಮಂಡಿಯವರು ಮಾತಾಡುತ್ತಿದ್ದಾರೆ. ದೀಪಾವಳಿಗೆ ಅಂಟಿಕೆ ಪಂಟಿಕೆಯವರು ಬರುತ್ತಾರಲ್ಲ, ರಾತ್ರಿಯೆಲ್ಲ ಜ್ಯೋತಿ ಹಿಡಿದು ಮನೆ ಮನೆಗೆ ಹಾಡುತ್ತಾ. ಅವರು ಬಾಗಿಲಲ್ಲಿ ನಿಂತು ಟಿಕೆಟ್ ಕೇಳುತ್ತಾರೆಯೇ? ಮೊದಲು ಹಾಡುತ್ತಾರೆ.

ಅಡಿಕೆ ಮಂಡಿ
ಹಾಡಿದ ಮೇಲೆ ನಾವು ದೀಪಕ್ಕೆ ಎಣ್ಣೆ ಎರೆಯುತ್ತೇವೆ, ಅಕ್ಕಿ ಕೊಡುತ್ತೇವೆ, ದುಡ್ಡು ಕೊಡುತ್ತೇವೆ. ಬರಿಗೈಯಲ್ಲಿ ಕಳಿಸಿದ ಮನೆ ಇದ್ದರೆ ಹೇಳಿ. ಇಂಟರ್ನೆಟ್ಟಿನಲ್ಲಿ ಎಣ್ಣೆ ಎರೆಯುವವರು ಯಾರು?

ಹೊಸನಗರದವಳು
ಬಾಗಿಲಿಗೆ ಬಂದರೆ ತಾನೇ ಎರೆಯುವುದು? ಇವರು ಬಾಗಿಲಿಗೇ ಬರುವುದು ಬೇಡ ಎನ್ನುತ್ತಿದ್ದೀರಿ ನೀವು.

ಬಿ ಹೈ ಕಲಾವಿದ
ಈ ಸುತ್ತು ಅವಳದು.

ತುಂಗಾ ಎಡದಂಡೆ
ಎಲ್ಲರಿಗೂ ಧನ್ಯವಾದ. ಗಿಟಾರಿನವನಿಗೆ ಇಡೀ ಚರ್ಚೆ ಓದಿಸಿದೆ, ಸೋಲೋ ಬಗ್ಗೆ ಬರೆದದ್ದನ್ನೂ ಸೇರಿಸಿ. ಎರಡು ದಿನ ಮಾತು ಬಿಟ್ಟಿದ್ದ, ಈಗ ಒಪ್ಪಿದ್ದಾನೆ. ನಾಲ್ಕು ಹಾಡುಗಳು ಆರ್ಕೈವ್‌ನಲ್ಲಿ ಉಚಿತ, ವಾಣಿಜ್ಯ ಬಳಕೆ ನಿಷಿದ್ಧ. ಜೊತೆಗೆ ಒಂದು ಯುಪಿಐ ಕ್ಯೂಆರ್ ಕೋಡ್. ಮಳೆಯನ್ನು ಮುಟ್ಟುವುದಿಲ್ಲ. ಅವನದೊಂದೇ ಷರತ್ತು: ಸೋಲೋ ಇರುವ ಪೂರ್ಣ ರೂಪವನ್ನು ಮುಂದೆ ಸ್ಟುಡಿಯೋದಲ್ಲಿ ಮಾಡಿ ದುಡ್ಡಿಗೇ ಮಾರಬೇಕಂತೆ.

ಕಂಜಿರ ಪ್ರಿಯ
ಅದನ್ನು ಕೊಂಡು ಸೋಲೋ ಬರುವಷ್ಟರಲ್ಲಿ ನಿಲ್ಲಿಸುತ್ತೇನೆ.

ಅಡಿಕೆ ಮಂಡಿ
ಕ್ಯೂಆರ್ ಕೋಡ್ ಬೇಗ ಹಾಕಿ. ಐವತ್ತು ರೂಪಾಯಿ ಕಳಿಸಿ ಆಮೇಲೆ ಬೈಯುತ್ತೇನೆ, ಆಗ ಅದಕ್ಕೊಂದು ತೂಕ ಇರುತ್ತದೆ.

ಐವತ್ತು ಹರ್ಟ್ಸ್
ಸ್ಟುಡಿಯೋಕ್ಕೆ ಹೋಗುವ ಮುಂಚೆ ಈ ಹಾಡುಗಳ ಸದ್ದನ್ನೆಲ್ಲ ಒಂದೇ ಸಮ ಜೋರು ಮಾಡಿ ಗೋಡೆಯಂತೆ ಮಾಡಬೇಡಿ. ಪಿಸುಮಾತು ಪಿಸುಮಾತಾಗಿಯೇ ಇರಲಿ. ಫ್ಲ್ಯಾಕ್ ಫೈಲನ್ನೂ ಹಾಕಿ, ಮೂಲದಲ್ಲಿದ್ದದ್ದು ಏನೂ ಹೋಗುವುದಿಲ್ಲ.

ಹೊಸನಗರದವಳು
ಫ್ಲ್ಯಾಕ್ ನಮ್ಮ ಜೀಪಿನಲ್ಲಿ ಓಡುವುದಿಲ್ಲ. ಎಂಪಿ3 ಮರೆಯಬೇಡಿ. ಫೈಲಿನ ಹೆಸರಿನ ಮೊದಲು 1, 2, 3 ಎಂದು ಅಂಕಿ ಹಾಕಿ, ಇಲ್ಲವಾದರೆ ಆ ಪ್ಲೇಯರ್ ತನಗೆ ತೋಚಿದ ಕ್ರಮದಲ್ಲಿ ಹಾಡಿಸುತ್ತದೆ.